ಸೋಮವಾರದ ಬಿ.ಪಿ.

ರೊಟ್ಟಿ ತಟ್ಟುತ್ತಿದ್ದೆ. ಹಿಂದಲೆ ಹಿಡಿದುಕೊಂಡಿತು.

ಕಲ್ಲು ಕಟ್ಟಿದಂಥ ಭಾರ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗಲೇ ಎಚ್ಚರ. ಉಷ್ಣ ಇರಬೇಕೆಂದು ನೆತ್ತಿಗೆ ಹರಳೆಣ್ಣೆ ಒತ್ತಿಕೊಂಡೆ. ಮರುದಿನ ಮತ್ತೆ ಬಂತು.

ಸೋಮವಾರ ಚನ್ನಗಿರಿಗೆ ಹೋಗಿ ತೋರಿಸಿದೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, "ಬಿ.ಪಿ. ನಾರ್ಮಲ್ ಇದೆಯಮ್ಮ" ಎಂದರು. ಆಮೇಲೆ ಹೋದಾಗಲೂ ಅದೇ ಮಾತು. ಎಲ್ಲ ನಾರ್ಮಲ್ ಆದರೆ ತಲೆ ಯಾಕೆ ಹಿಡಿಯುತ್ತದೆ? ಇವರಿಗೆ ಗೊತ್ತಾಗುತ್ತಿಲ್ಲವೋ, ನನಗೆ ಹೇಳುತ್ತಿಲ್ಲವೋ. ಯಜಮಾನರನ್ನು ಪಕ್ಕಕ್ಕೆ ಕರೆದು ಏನಾದರೂ ಹೇಳಿರಬಹುದೆಂದು ಬಸ್ಸಿನಲ್ಲಿ ಅವರ ಮುಖವನ್ನೇ ನೋಡುತ್ತಾ ಬಂದೆ.

"ಏನೇ ಅದು, ಕಳ್ಳನ್ನ ನೋಡ್ದಂಗೆ ನೋಡ್ತಿ?" ಎಂದರು.

ಹೊನ್ನಾಳಿಗೆ ಕೊಟ್ಟ ಮಗಳು ಬರುವಾಗ ಬಿ.ಪಿ. ಮಿಷನ್ ತಂದಳು. ಅಡುಗೆ ಮುಗಿಸಿ ಕೂತಿದ್ದ ನನ್ನ ತೋಳಿಗೆ ಸುತ್ತಿದಳು.

ನೂರಾ ಐವತ್ತಾರು, ತೊಂಬತ್ತೆಂಟು.

"ಇದು ಕೆಟ್ಟೈತೆ" ಎಂದೆ. ಮಗಳಿಗೆ ಹಾಕಿದರೆ ಸರಿ ತೋರಿಸಿತು. ಯಜಮಾನರಿಗೂ ಸರಿ. ಪಕ್ಕದ ಮನೆಯ ಗಂಗಕ್ಕನಿಗೂ ಸರಿ. "ನಿನ್ ಮ್ಯಾಲೇ ಏನೋ ಹಗೆ ಐತೆ ಬಿಡೇ ಅದಕ್ಕೆ" ಎಂದು ಗಂಗಕ್ಕ ನಕ್ಕಳು.

ನನಗೆ ನಗು ಬರಲಿಲ್ಲ. ಜಗಳೂರು ಕಡೆ ಇರುವ ನನ್ನ ಅಕ್ಕ ಹೀಗೆಯೇ ಬಿ.ಪಿ. ಇಲ್ಲವೆಂದುಕೊಂಡು ಓಡಾಡಿಕೊಂಡಿದ್ದವಳು. ಒಂದು ದಿನ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಈಗ ಅವಳ ತಲೆ ಬಾಚಲು ಸೊಸೆ ಬೇಕು.

ದಿನಾ ನೋಡಿಕೊಳ್ಳತೊಡಗಿದೆ. ದಿನಾ ಹೆಚ್ಚೇ. ಸೋಮವಾರ ಮಾತ್ರ ಸರಿ. ಮಿಷನ್ನೇ ಸುಳ್ಳು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಅದನ್ನು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಮೇಜಿನ ಮೇಲಿಟ್ಟೆ.

"ಇದು ವಾರಕ್ಕೊಂದೇ ದಿನ ನಿಜ ಹೇಳ್ತೈತ್ರಿ ಸಾರ್. ಸೋಮವಾರ."

"ಸೋಮವಾರ ನಿಮ್ಮನೇಲಿ ಏನು ವಿಶೇಷ?"

"ಎತ್ತಿಗೆ ನೊಗ ಇಡಲ್ರೀ ಅವತ್ತು. ಆಳು ಬರಲ್ಲ, ಬುತ್ತಿ ಕಟ್ಟೋ ಗಡಿಬಿಡಿ ಇಲ್ಲ. ನಂದು ಒಪ್ಪತ್ತು, ಉಪ್ಪು ಮುಟ್ಟಲ್ಲ. ಬಿಡುವು ಐತೆ ಅಂತ್ಲೇ ಇಲ್ಲಿಗೆ ಬರೋದು."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಅಮ್ಮಾ, ಇಷ್ಟು ದಿನ ನಾನು ನೋಡಿದ್ದು ನಿಮ್ಮ ಬಿ.ಪಿ. ಅಲ್ಲ. ನಿಮ್ಮ ಸೋಮವಾರದ ಬಿ.ಪಿ."

ಮಂಗಳವಾರ ಕರೆಸಿ ತೋಳಿಗೊಂದು ಮಿಷನ್ ಕಟ್ಟಿ ಕಳಿಸಿದರು. ಒಂದು ಹಗಲು, ಒಂದು ರಾತ್ರಿ ಅದು ತನ್ನಷ್ಟಕ್ಕೆ ಬಿಗಿಯುತ್ತಾ ಸಡಿಲವಾಗುತ್ತಾ ಇತ್ತು. ಹಾಲು ಕರೆಯುವಾಗ ಬುರ್ರೆಂದದ್ದಕ್ಕೆ ಎಮ್ಮೆ ಬೆದರಿ ಚೊಂಬು ಒದೆಯಿತು. ಬಿಚ್ಚಿ ನೋಡಿ ಡಾಕ್ಟರು ಹೆಸರು ಹೇಳಿದರು: ಮಾಸ್ಕ್ಡ್ ಹೈಪರ್‌ಟೆನ್ಷನ್. ಆಸ್ಪತ್ರೆಯಲ್ಲಿ ಅಡಗಿ ಕೂತು, ಮನೆಯಲ್ಲಿ ಏರುವ ಬಿ.ಪಿ.

ಆಮೇಲೆ ರಕ್ತಪರೀಕ್ಷೆ ಬರೆದುಕೊಟ್ಟರು. ಲಿಪಿಡ್ ಪ್ರೊಫೈಲ್, ಸಿ.ಆರ್.ಪಿ. ಲ್ಯಾಬು ಆಸ್ಪತ್ರೆಯ ಗೋಡೆಗೆ ಹತ್ತಿಕೊಂಡೇ ಇದೆ. ನನಗೆ ಅಲ್ಲೂ ಅನುಮಾನ. ಟ್ಯೂಬಿನ ಮೇಲೆ ನನ್ನ ಹೆಸರನ್ನು ಕಣ್ಣೆದುರೇ ಬರೆಸಿದೆ. ಕೊಲೆಸ್ಟ್ರಾಲ್ ಹೆಚ್ಚು ಬಂತು, ಸಿ.ಆರ್.ಪಿ.ಯೂ ಹೆಚ್ಚು. "ಸಿ.ಆರ್.ಪಿ. ಕಾಯಿಲೆಯಲ್ಲ, ಮೈಯೊಳಗೆ ಎಲ್ಲೋ ಉರಿಯೂತ ಇದೆ ಅನ್ನೋ ಸುಳಿವು. ನೆಗಡಿ, ಹಲ್ಲುನೋವಿಗೂ ಏರುತ್ತೆ. ಸ್ವಲ್ಪ ದಿನ ಬಿಟ್ಟು ಇನ್ನೊಂದ್ಸಲ ನೋಡೋಣ" ಎಂದರು. ಸುಳಿವೆಂದ ಮೇಲೆ ಮತ್ತೇಕೆ ಸೂಜಿ ಎಂದು ಗೊಣಗಿಕೊಂಡೇ ರಕ್ತ ಕೊಟ್ಟೆ. ಎರಡನೇ ಸಲವೂ ಇಳಿದಿರಲಿಲ್ಲ.

"ಅಡಗಿದ ಬಿ.ಪಿ. ಜೊತೆ ಇವೂ ಇದ್ದರೆ ಹಾರ್ಟಿಗೆ, ಮೆದುಳಿಗೆ ಅಪಾಯ ಜಾಸ್ತಿ. ಮಾತ್ರೆ ಶುರು ಮಾಡೋಣ."

ಶುರು ಮಾಡಿದರೆ ಸಾಯುವ ತನಕ ಬಿಡಿಸುವುದಿಲ್ಲ ಎಂದು ಕೇಳಿದ್ದೆ. ಮಾತ್ರೆಯ ಚೀಟಿ ದೇವರ ಗೂಡಿನಲ್ಲೇ ಉಳಿಯಿತು. ಯಜಮಾನರು ಬೈದು ನೋಡಿದರು, ಮಗಳು ಅತ್ತು ನೋಡಿದಳು. ಕೊನೆಗೆ ಅಕ್ಕನ ಫೋನು ಬಂತು. ಅವಳ ಮಾತು ಈಗ ತೊದಲು. ಫೋನು ಕಿವಿಗೆ ಹಿಡಿಯುವುದೂ ಸೊಸೆಯೇ.

"ನುಂಗೇ ತಂಗಿ. ನಿನ್ ಕೈಯಾಗೆ ನೀನೇ ನುಂಗಾಕೆ ಬರ್ತೈತಲ್ಲ."

ನುಂಗಿದೆ.

ಈಗ ಹಿಂದಲೆ ಹಿಡಿಯುವುದು ಕಡಿಮೆ. ಅದು ಮಾತ್ರೆಯಿಂದಲೋ, ಉಪ್ಪಿನಕಾಯಿ ಬಿಟ್ಟದ್ದರಿಂದಲೋ, ಬುತ್ತಿಯ ರೊಟ್ಟಿಗೆ ಗಂಗಕ್ಕ ಕೈ ಜೋಡಿಸಿದ್ದರಿಂದಲೋ ನನಗೆ ತಿಳಿಯದು. ಸಿ.ಆರ್.ಪಿ. ಇನ್ನೊಮ್ಮೆ ನೋಡಬೇಕಂತೆ. ಮೊನ್ನೆ ಬುಧವಾರ ಹೋಗಿದ್ದೆ, ಉಂಡುಕೊಂಡು, ಮನೆಗೆಲಸವೆಲ್ಲ ಮಾಡಿಕೊಂಡು.

"ಬಿ.ಪಿ. ಇಳಿದಿದೆಯಮ್ಮ" ಎಂದರು ಡಾಕ್ಟರು.

"ಆ ಕೈಗೂ ಹಾಕಿ ನೋಡ್ರಿ ಸಾರ್" ಎಂದೆ.

ಹೊರಗೆ ಜನ ಕಾಯುತ್ತಿದ್ದರು. ಬೇಸರಪಡದೆ ಪಟ್ಟಿ ಬಿಚ್ಚಿ, ಆ ಕೈಗೂ ಸುತ್ತಿದರು.