ಚಿದಾನಂದ ಆರಿಸಿದ ಮಾಡೆಲ್

ಪರದೇಶದ ಈ ತಕಾನಿನಿ ಊರಿನಲ್ಲಿ ನಮ್ಮ ಎದುರುಮನೆಯ ಚಿದಾನಂದ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮೈಸೂರಿನವನು, ನಲವತ್ತೊಂದು ವಯಸ್ಸು, ಮದುವೆಯಾಗಿಲ್ಲ. ವಿದ್ಯುತ್ ಕಂಪನಿಯೊಂದರಲ್ಲಿ ಕೆಲಸ. ಮನೆಗಳು ಯಾವ ಹೊತ್ತಿಗೆ ಎಷ್ಟು ಕರೆಂಟ್ ಬಳಸುತ್ತವೆಂದು ಮುಂಚೆಯೇ ಹೇಳಬಲ್ಲ ಕಂಪ್ಯೂಟರ್ ಮಾಡೆಲ್ ಆರಿಸಬೇಕಿತ್ತು.

ಕೈಯಲ್ಲಿ ಮೂರಿದ್ದವು. ಹಳೆಯದು, ಕಳೆದ ವಾರ ಈ ಹೊತ್ತಿಗೆ ಎಷ್ಟೋ ಈ ವಾರವೂ ಅಷ್ಟೇ ಎನ್ನುವಂಥದ್ದು. ಎರಡನೆಯದು ಹೊರಗಿನ ಚಳಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ಮೂರನೆಯದು ನ್ಯೂರಲ್ ನೆಟ್‌ವರ್ಕ್, ಅದು ಹೇಳುವುದರ ಕಾರಣ ಮಾಡಿದವನಿಗೂ ತಿಳಿಯದು. ಹಳೆಯದೇ ಸಾಕು, ಜನ ಅಷ್ಟೇನೂ ಬದಲಾಗುವುದಿಲ್ಲ ಎಂದು ಚಿದಾನಂದ ಮೀಟಿಂಗಿನಲ್ಲಿ ಹೇಳಿಬಿಟ್ಟ. ಅವನಿಗೆ ಸಿಗಬೇಕಿದ್ದ ಸೀನಿಯರ್ ಹುದ್ದೆ ಆ ಮಾತಿನ ಮೇಲೆ ನಿಂತಿತು.

ಪರೀಕ್ಷೆಗೆ ಸಿಬ್ಬಂದಿಯ ಹನ್ನೊಂದು ಮನೆಗಳ ಮೀಟರ್ ತೆಗೆದುಕೊಂಡರು. ಹತ್ತು ಮನೆ ಅವನು ಹೇಳಿದಂತೆಯೇ ನಡೆದವು. ತಪ್ಪಿದ್ದು ಅವನದೇ ಮನೆ. ಒಂದು ದಿನ ಹತ್ತಕ್ಕೆ, ಇನ್ನೊಂದು ದಿನ ಎರಡಕ್ಕೆ ಗ್ರಾಫಿನಲ್ಲಿ ಬಳಕೆಯ ಗೆರೆ ಎದ್ದು ನಿಲ್ಲುತ್ತಿತ್ತು. ಆಫೀಸಿನವರು ಮುಸಿಮುಸಿ ನಕ್ಕರು. ಅವನ ತಾಯಿ ಪದ್ಮಾವತಿ, ಎಪ್ಪತ್ತಾರು ವರ್ಷದವರು, ಮಂಡಿ ನೋವು ಬಂದಾಗ ಹೀಟರ್ ಹಾಕಿಕೊಳ್ಳುತ್ತಿದ್ದರು. ಮಂಡಿ ನೋವು ವಾರ ನೋಡಿ ಬರುತ್ತದೆಯೇ?

ಮಾಡೆಲ್ ಬದಲಿಸಬಹುದಿತ್ತು. ಅವನು ಅಮ್ಮನನ್ನು ಬದಲಿಸಿದ.

“ಅಮ್ಮಾ, ಆರು ವಾರ ಅಷ್ಟೇ. ನಾನು ಮನೇಲಿರೋವಾಗ ಮಾತ್ರ ಹೀಟರ್. ಹಗಲು ಏನೂ ಹಾಕ್ಬೇಡ. ನನ್ನ ಪರೀಕ್ಷೆ ಅಂದ್ಕೊ.”

ಅಷ್ಟು ಸಾಕಾಯಿತು. ಮಗನ ಪಿಯುಸಿ ಪರೀಕ್ಷೆಯ ತಿಂಗಳಿಡೀ ಮಿಕ್ಸಿಯ ಸದ್ದು ಬೇಡವೆಂದು ಒರಳಿನಲ್ಲಿ ರುಬ್ಬಿದ ಹೆಂಗಸು ಅವರು.

ಆಗ ಜುಲೈ, ಈ ದೇಶದಲ್ಲಿ ನಡುಚಳಿಗಾಲ. ಬಿಸಿಲಿದ್ದ ದಿನ ಅವರು ಕೋಟು, ಮಂಕಿ ಟೋಪಿ ಹಾಕಿಕೊಂಡು ಡ್ರೈವ್‌ವೇಯ ಹಳೇ ಕಾರಿನೊಳಗೆ ಫ್ಲಾಸ್ಕ್ ಹಿಡಿದು ಕೂರುತ್ತಿದ್ದರು.

“ಇಲ್ಯಾಕ್ ಕೂತಿದೀರಾ ಆಂಟಿ? ನಮ್ಮನೆಗೆ ಬನ್ನಿ.”

“ಬೇಡ ಕಣಮ್ಮ, ನಿಂಗೆ ಆಫೀಸ್ ಕಾಲ್ ಇರುತ್ತೆ. ಗಾಜು ಮುಚ್ಚಿದ್ರೆ ಬೆಚ್ಚಗಿರುತ್ತೆ. ಚಿದೂದು ಪರೀಕ್ಷೆ, ಇನ್ನು ಮೂರೇ ವಾರ.”

ನನಗೆ ಕಾಲ್ ಇದ್ದದ್ದು ನಿಜ. ಇನ್ನೊಂದು ಸಲ ಕರೆಯಲಿಲ್ಲ. ಆ ಪಾಪ ನನ್ನದು.

ಆಮೇಲೆ ಒಂದು ವಾರ ಬಿಡದೆ ಮಳೆ ಹೊಡೆಯಿತು, ಕಾರಿಗೂ ಬಿಸಿಲಿಲ್ಲ. ನ್ಯುಮೋನಿಯಾ ಎಂದು ಅವರನ್ನು ಆಸ್ಪತ್ರೆಗೆ ಸೇರಿಸಿದರು. ಗೆರೆ ತಪ್ಪಬಾರದೆಂದು ಮಗ ಅಲ್ಲಿಂದಲೂ ಸಂಜೆ ಸರಿಯಾಗಿ ಆರಕ್ಕೆ ಮನೆಗೆ ಬಂದು ಹೀಟರ್ ಹಾಕುತ್ತಿದ್ದ. ಒಂಬತ್ತನೇ ದಿನ ಅವರು ತೀರಿಕೊಂಡರು. ಅವನು ಬಿಕ್ಕಿ ಬಿಕ್ಕಿ ಅತ್ತ, ಕರ್ಮವನ್ನೆಲ್ಲ ಲೋಪವಿಲ್ಲದೆ ಮಾಡಿದ. ಹಳೆಯ ಮಾಡೆಲ್ ಗೆದ್ದಿತು.

ಕಳೆದ ವಾರ ಬಡ್ತಿಯ ಸುದ್ದಿ ಹೇಳಲು ಬಂದ. ಲ್ಯಾಪ್‌ಟಾಪ್ ತೆರೆದು ತನ್ನ ಮನೆಯ ಗೆರೆ ತೋರಿಸಿದ.

“ನೋಡಿ ಯಾಮಿನಿಯವ್ರೇ, ಆರು ವಾರ, ಒಂದು ದಿನಾನೂ ತಪ್ಪಿಲ್ಲ.”

ನನಗೆ ಮೈಯೆಲ್ಲ ಉರಿಯಿತು. ಕೆಳಗಿದ್ದ ತಾರೀಖುಗಳನ್ನು ಅಂಗೈಯಿಂದ ಮುಚ್ಚಿದೆ.

“ಅಮ್ಮನ್ನ ಆಸ್ಪತ್ರೆಗೆ ಸೇರಿಸಿದ ದಿನ ಯಾವ್ದು, ತೋರ್ಸಿ.”

ಅವನು ಬೆರಳಿಟ್ಟು ಎಡದಿಂದ ಬಲಕ್ಕೆ ಹೋದ. ಮತ್ತೆ ಹಿಂದಕ್ಕೆ ಬಂದ. ಅಮ್ಮ ಮನೆಯಲ್ಲಿದ್ದ ದಿನಗಳೂ ಇಲ್ಲದ ದಿನಗಳೂ ಒಂದೇ ಥರ ಇದ್ದವು.

“ಕೈ ತೆಗೀರಿ,” ಎಂದ.

ನಾನು ತೆಗೆಯಲಿಲ್ಲ.