ಕೆಡ್ಡಸದ ದಿನ ಪಿಕ್ಕಾಸು ಹೊತ್ತು

ಗುತ್ತಿಗಾರಿನಲ್ಲಿ ಬಸ್ಸಿಳಿದು, ಒಪ್ಪಿಕೊಂಡ ಬಾವಿ ಕೆಲಸಕ್ಕೆ, ಮಣ್ಣು ಅಗೆಯುವ ಪಿಕ್ಕಾಸು ಹೆಗಲಿಗೇರಿಸಿ ಗುಡ್ಡದ ದಾರಿ ಹಿಡಿದೆ. ಬೆಳಗಿನ ಮಂಜು ಬಿಟ್ಟಿರಲಿಲ್ಲ. ಕೇಪುಳ ಕೆಂಪಗೆ ಅರಳಿತ್ತು, ಗೇರು ಹೂವಿನ ವಾಸನೆ ದಾರಿಯುದ್ದಕ್ಕೂ ಬರುತ್ತಿತ್ತು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಹೇಳಿದ ದಿನ ಕೆಲಸಕ್ಕೆ ತಪ್ಪಿದವನಲ್ಲ.

ಬಾವಿ ತೋಡಬೇಕಿದ್ದ ಮನೆಯ ಅಂಗಳದಲ್ಲಿ ಅಜ್ಜಿಯೊಬ್ಬರು ನೆಲಕ್ಕೆ ಎಣ್ಣೆ ಬಿಡುತ್ತಿದ್ದರು. ಆಗಲೇ ನನಗೆ ನೆನಪಾದದ್ದು. ಕೆಡ್ಡಸ! ಭೂಮಿತಾಯಿ ಮುಟ್ಟಾಗುವ ಈ ಮೂರು ದಿನ ನಮ್ಮಲ್ಲಿ ಯಾರೂ ಮಣ್ಣು ಅಗೆಯುವುದಿಲ್ಲ, ಹಸಿರು ಕಡಿಯುವುದಿಲ್ಲ.

"ಇವತ್ತು ಕೆಡ್ಡಸ ಅಲ್ವಾ ಮಾರಾಯ!" ಎಂದರು ಅಜ್ಜಿ.

"ಗೊತ್ತುಂಟಮ್ಮ. ಜಾಗ ನೋಡಿ ಹೋಗುವ ಅಂತ ಬಂದದ್ದು."

"ಜಾಗ ನೋಡ್ಲಿಕ್ಕೆ ಪಿಕ್ಕಾಸು ಎಂತಕ್ಕೆ?" ಅಜ್ಜಿ ನಕ್ಕರು. "ಹೆಂಡ್ತಿ ಹೇಳ್ಲಿಲ್ವಾ?"

ಪ್ರತಿವರ್ಷ ಅವಳೇ ನೆನಪಿಟ್ಟು, ಹಿಂದಿನ ದಿನವೇ ಪಿಕ್ಕಾಸನ್ನು ಅಟ್ಟಕ್ಕೆ ಹಾಕುತ್ತಿದ್ದಳು. ಕಳೆದ ಮಳೆಗಾಲದಲ್ಲಿ ತೀರಿಹೋದಳು. ಪರಿಚಯವಿಲ್ಲದವರ ಅಂಗಳದಲ್ಲಿ ನಿಂತು ಅದನ್ನು ಹೇಳಲು ಮನಸ್ಸಾಗಲಿಲ್ಲ.

"ಹೇಳಿದ್ಲಮ್ಮ, ನಾನೇ ಮರೆತದ್ದು" ಎಂದೆ.

ಹುರಿದ ಅಕ್ಕಿ, ಹುರುಳಿಗೆ ಬೆಲ್ಲ, ಕಾಯಿ ಬೆರೆಸಿದ ನನ್ನೆರಿಯನ್ನು ಅಜ್ಜಿ ಕಾಗದದಲ್ಲಿ ಕಟ್ಟಿಕೊಟ್ಟರು. "ಅವಳಿಗೂ ಸೇರಿಸಿ ಹಾಕಿದ್ದೇನೆ. ದಾರಿಯಲ್ಲೇ ಮುಗಿಸ್ಬೇಡ, ಆಯ್ತಾ?"

ಹಿಂದಿರುಗುವಾಗ ಬಿಸಿಲೇರಿತ್ತು. ಬರುವಾಗ ಕಾಣದಿದ್ದ ಸಣ್ಣ ನೀಲಿ ಹೂಗಳು ದಾರಿಬದಿಯಲ್ಲಿ ಬಾಯಿ ಬಿಟ್ಟಿದ್ದವು. ಅವುಗಳನ್ನು ಮೆಟ್ಟದೆ ಪಕ್ಕದ ಕಲ್ಲಿನ ಮೇಲೆ ಕುಳಿತು ಪೊಟ್ಟಣ ಬಿಚ್ಚಿದೆ. ನನ್ನ ಪಾಲು ತಿಂದೆ. ಸ್ವಲ್ಪ ಹೊತ್ತು ಬಿಟ್ಟು ಅವಳದ್ದನ್ನೂ ತಿಂದೆ.