ಎರ್ರಿಯಪ್ಪನ ಕೈಯೂ ಒಂಬತ್ತು ಸಾವಿರದ ಒಂಬೈನೂರರ ಸೆಲ್ಲೂ

ಸಂಡೂರಿನ ಗುಡ್ಡಗಳ ನಡುವೆ ಒಂದು ಅದಿರಿನ ಯಾರ್ಡಿನಲ್ಲಿ ಇಪ್ಪತ್ತಾರು ವರ್ಷ ದುಡಿದ ಎರ್ರಿಯಪ್ಪನಿಗೆ ಒಂದು ವಿದ್ಯೆ ಒಲಿದಿತ್ತು. ಲಾರಿ ಸುರಿದುಹೋದ ರಾಶಿಯಿಂದ ಒಂದು ಕಲ್ಲು ಎತ್ತಿ, ಅಂಗೈಯಲ್ಲಿ ಎರಡು ಸಲ ಕುಣಿಸಿ, "ಅರವತ್ಮೂರು" ಅನ್ನುತ್ತಿದ್ದ. ಅಂದರೆ ನೂರಕ್ಕೆ ಅರವತ್ಮೂರು ಪಾಲು ಕಬ್ಬಿಣ. ಮರುದಿನ ಲ್ಯಾಬಿನಿಂದ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ಅಷ್ಟೇ ಇರುತ್ತಿತ್ತು. ಐವತ್ತೆಂಟು ಅಂತ ಬಂದರೆ ಲ್ಯಾಬಿನ ಯಂತ್ರ ಕೆಟ್ಟಿದೆ ಎಂದು ಅರ್ಥ. ಆ ಯಂತ್ರದ ಮೇಲೆ ಅವನಿಗೆ ಮೊದಲಿನಿಂದಲೂ ಅನುಮಾನವಿತ್ತು.

ಕೆಲಸ ಬಿಟ್ಟು ಹೊಸಪೇಟೆಯ ಚಿತ್ತವಾಡಗಿಯ ಮನೆಗೆ ಬಂದ ಮೇಲೂ ವಿದ್ಯೆ ಅವನನ್ನು ಬಿಡಲಿಲ್ಲ. ಬದನೆಕಾಯಿ, ತೆಂಗಿನಕಾಯಿ, ಗ್ಯಾಸ್ ಸಿಲಿಂಡರು, ಮದುವೆಯ ಕಾರ್ಡು, ಎಲ್ಲವೂ ಅವನ ಅಂಗೈ ಮೇಲೆ ಕುಣಿಯಬೇಕು. ಹಂಪಿಯಲ್ಲಿ ಸಾಸಿವೆಕಾಳು ಗಣಪನಿಗೆ ಭಕ್ತಿಯಿಂದ ಕೈಮುಗಿದು, ಕಣ್ಣು ತೆರೆದ ಕೂಡಲೇ "ಹದಿನೆಂಟು ಟನ್ನು" ಎಂದವನು ಅವನು. ಪಕ್ಕದಲ್ಲಿದ್ದ ಗೈಡು ಬೇರೆ ಲೆಕ್ಕ ಹೇಳಿದ್ದಕ್ಕೆ, ಪಾಪ ಓದಿ ಹೇಳುತ್ತಾನೆ, ಎತ್ತಿ ನೋಡಿದವನಲ್ಲ ಎಂದು ಕ್ಷಮಿಸಿದ್ದ. ತಾನೂ ಎತ್ತಿ ನೋಡಿರಲಿಲ್ಲ ಎಂಬುದು ಅವನಿಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ.

ಅವನು ಯಾರಿಗೂ ಹೇಳದ ಸಂಗತಿ ಒಂದಿತ್ತು. ಸಕ್ಕರೆ ಕಾಯಿಲೆ ಬಂದ ಮೇಲೆ ಬೆರಳ ತುದಿಗಳು ಮೊದಲು ಜುಮು ಜುಮು ಅಂದು, ಆಮೇಲೆ ಸುಮ್ಮನಾಗಿದ್ದವು. ನಡೆಯುವಾಗ ಕಾಲಿನ ಚಪ್ಪಲಿ ಹಿಂದೆಯೇ ಉಳಿದರೂ ನಾಲ್ಕು ಹೆಜ್ಜೆ ಹೋದ ಮೇಲೆಯೇ ತಿಳಿಯುತ್ತಿತ್ತು. ಕೈಯಲ್ಲಿದ್ದದ್ದು ಸರಿಯಾಗಿ ಗೊತ್ತಾಗದಿದ್ದರೆ ಮೊದಲಿಗಿಂತ ಜೋರಾಗಿ ಒಂದು ಅಂಕಿ ಹೇಳಿಬಿಡುತ್ತಿದ್ದ.

ಬೆರಳು ಮಾತ್ರ ಹಾಗಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಹೋದ ವರ್ಷ ಹೆಂಡತಿ ಲಲಿತಾಳ ಗಂಟಲಲ್ಲಿ ಗಡ್ಡೆ ಕಾಣಿಸಿ, ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದಾಗ ಎರ್ರಿಯಪ್ಪನಿಗೆ ಏನೂ ಅನಿಸಿರಲಿಲ್ಲ. ಕೈಯಲ್ಲಿದ್ದ ಆಸ್ಪತ್ರೆಯ ಫೈಲು ಮುಕ್ಕಾಲು ಕೆಜಿ ಇರಬಹುದು ಎಂದಷ್ಟೇ ಹೊಳೆದಿತ್ತು. ಅಳು ಆಮೇಲೆ ಬರಬಹುದು ಎಂದು ಕಾದ. ಬರಲಿಲ್ಲ. ಆಪರೇಷನ್ ಆಯಿತು, ಮನೆಗೆ ಬಂದರು, ಅನ್ನಕ್ಕೆ ಇಟ್ಟರು.

ಲಲಿತಾ ಈಗ ಟಾರ್ಚಿನಂಥ ಒಂದು ಯಂತ್ರವನ್ನು ದವಡೆಯ ಕೆಳಗೆ ಒತ್ತಿ ಹಿಡಿದು ಮಾತಾಡುತ್ತಾಳೆ. ಅದು ಗುಂಯ್ ಅನ್ನುತ್ತದೆ, ತುಟಿ ನಾಲಿಗೆಗಳು ಆ ಗುಂಯ್ ಅನ್ನೇ ಮಾತಾಗಿಸುತ್ತವೆ. ಸಿಟ್ಟಾದರೂ ನಗೆಯಾದರೂ ಒಂದೇ ರಾಗ. ಯಂತ್ರದ ಹೊಟ್ಟೆಯಲ್ಲಿ ಹೆಬ್ಬೆರಳಿಗಿಂತ ತುಸು ದಪ್ಪನೆಯ, ಚಾರ್ಜ್ ಮಾಡುವ ಒಂದು ಲಿಥಿಯಂ ಸೆಲ್ಲು. ಮೊದಮೊದಲು ಒಂದು ಚಾರ್ಜಿಗೆ ದಿನವಿಡೀ ಮಾತು ಬರುತ್ತಿತ್ತು. ಈಚೆಗೆ ಸೆಲ್ಲು ಸೊರಗಿ ಹತ್ತು ನಿಮಿಷಕ್ಕೆ ಇಳಿದಿತ್ತು. ಲಲಿತಾ ಆ ಹತ್ತು ನಿಮಿಷವನ್ನು ಮನೆಯ ಎಣ್ಣೆಯಂತೆ ಹನಿ ಹನಿ ಲೆಕ್ಕವಿಟ್ಟು ಬಳಸುತ್ತಿದ್ದಳು. ಉಳಿದ ಹೊತ್ತೆಲ್ಲ ಎರ್ರಿಯಪ್ಪನೇ ಮಾತಾಡುತ್ತಿದ್ದ. ಎದುರು ಮಾತು ಬಾರದ ಮನೆ ಅವನಿಗೆ ಅಷ್ಟೇನೂ ಅನಾನುಕೂಲವಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಹೀಗಿರುವಾಗ ಲಲಿತಾಳ ತಮ್ಮ ಯಲ್ಲೇಶನಿಗೆ ಹೆಣ್ಣು ಕೂಸು ಹುಟ್ಟಿತು. ಯಲ್ಲೇಶ ದೋಣಿಮಲೈ ಗಣಿಯಲ್ಲಿ ಸ್ಟಾಫ್ ಬಸ್ಸು ಓಡಿಸುವವನು. ಬಾಣಂತಿ ಇದ್ದದ್ದು ಕಂಪ್ಲಿಯ ತವರುಮನೆಯಲ್ಲಿ. ಹದಿಮೂರನೇ ದಿನ ತೊಟ್ಟಿಲ ಕಾರ್ಯ. ಅವತ್ತು ಕೂಸಿನ ಸೋದರತ್ತೆ, ಅಂದರೆ ಅಪ್ಪನ ಅಕ್ಕ ಅಥವಾ ತಂಗಿ, ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ "ಕುರ್‍ರ್" ಅಂದು ಹೆಸರು ಹೇಳಬೇಕು. ಆಕೆ ಹೇಳುವಾಗ ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಗುದ್ದಬೇಕು. ಯಲ್ಲೇಶನಿಗೆ ಇದ್ದ ಅಕ್ಕ ಲಲಿತಾ ಒಬ್ಬಳೇ. ಹೆಸರು ಆರಿಸುವುದನ್ನೂ ಅವನು ಅವಳಿಗೇ ಬಿಟ್ಟಿದ್ದ.

ಬಾಣಂತಿಯ ತಾಯಿ, ಬೀಗಿತಿ ಊರಮ್ಮ ಫೋನು ಮಾಡಿ ಮೆತ್ತಗೆ ವಿಷಯ ತೆಗೆದಳು. "ಲಲಿತಾಗ ಯಾಕ ತ್ರಾಸು ಬೀಗ್ರೇ? ನಿಮ್ಮ ಚಿಕ್ಕಮಾವನ ಮಗಳು ರಮಾ ಅದಾಳಲ್ಲ, ಆಕಿನೂ ಕೂಸಿಗೆ ಅತ್ತಿನ. ಆಕಿ ಕಡೆ ಇಡಿಸಿದ್ರಾತು."

"ಆತು, ಹಂಗ ಮಾಡ್ರಿ," ಎಂದು ಎರ್ರಿಯಪ್ಪ ಅನ್ನುವಷ್ಟರಲ್ಲಿ ಲಲಿತಾ ಫೋನು ಕಸಿದುಕೊಂಡು, ಯಂತ್ರವನ್ನು ಗಂಟಲಿಗೆ ಒತ್ತಿ, "ನಾನ ಇಡ್ತೀನಿ," ಅಂದಳು. ಆಮೇಲೆ ಯಂತ್ರ ಆರಿಸಿ, ಗಂಡನ ಮುಂದೆ ಖಾಲಿ ಸೆಲ್ಲನ್ನು ತೆಗೆದಿಟ್ಟು ಒಳಗೆ ಹೋದಳು.

ಯಂತ್ರದ ಕಂಪನಿಯ ಸೆಲ್ಲು ತರಿಸಲು ತಿಂಗಳು ಬೇಕು, ಬೆಲೆಯೂ ಜಾಸ್ತಿ. ಎರ್ರಿಯಪ್ಪ ಮೊಬೈಲಿನಲ್ಲಿ ಹುಡುಕಲು ಕುಳಿತ. ಅಲ್ಲಿ ನೋಡಿದರೆ ಸೆಲ್ಲುಗಳದೇ ಸಂತೆ. ಒಂದರ ಮೇಲೆ 2600 ಎಂದಿತ್ತು, ಅದಕ್ಕಿಂತ ಅಗ್ಗವಾದ ಇನ್ನೊಂದರ ಮೇಲೆ 9900. ಅಂಕಿ ದೊಡ್ಡದಾದಷ್ಟೂ ಹೆಚ್ಚು ಹೊತ್ತು ಬಾಳುತ್ತದೆ ಎಂದು ಕೆಳಗೆ ಬರೆದಿತ್ತು. ಆದರೆ ಬರೆದದ್ದನ್ನು ನಂಬುವ ಮನುಷ್ಯ ಅವನಲ್ಲ. ಎರಡೂ ತರಿಸಿ ಕೈಯಿಂದ ಪರೀಕ್ಷಿಸುವುದೆಂದು ತೀರ್ಮಾನಿಸಿದ.

ಐದು ದಿನಕ್ಕೆ ಎರಡೂ ಬಂದವು, 2600ರವು ಎರಡು, 9900ರವು ನಾಲ್ಕು. ಎಡಗೈಯಲ್ಲಿ 2600, ಬಲಗೈಯಲ್ಲಿ 9900 ಇಟ್ಟು ಕುಣಿಸಿದ. 9900 ಭಾರವಿತ್ತು. ಅದಿರಿನಲ್ಲಿ ಭಾರ ಅಂದರೆ ಕಬ್ಬಿಣ. ಸೆಲ್ಲಿನಲ್ಲಿ ಭಾರ ಅಂದರೆ ಕರೆಂಟು. ಇದರಲ್ಲಿ ಯೋಚಿಸುವುದೇನಿದೆ? ಹಗುರವಾದ ಎರಡನ್ನು ವಾಪಸ್ ಕಳಿಸಿದ. ಯಾಕೆ ವಾಪಸ್ ಎಂದು ಮೊಬೈಲು ಕೇಳಿತು. ಕೊಟ್ಟಿದ್ದ ಕಾರಣಗಳಲ್ಲಿ ಹಗುರ ಎಂಬುದು ಇರಲಿಲ್ಲವಾಗಿ, 'ಇತರೆ' ಒತ್ತಿ, ಸಂಡೂರಿನ ಅದಿರಿನ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿದ. ಕಂಪನಿಯವರಿಗೆ ಉಪಯೋಗವಾದೀತು ಎಂಬುದು ಅವನ ಭಾವನೆ.

ಭಾರದ ನಾಲ್ಕು ಸೆಲ್ಲುಗಳನ್ನು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲು ರಿಪೇರಿ ಮಾಡುವ ದುರುಗೇಶನಿಗೆ ತೋರಿಸಿದ. ಸಲಹೆ ಕೇಳಲಿಕ್ಕಲ್ಲ, ತೋರಿಸಲಿಕ್ಕೆ.

ದುರುಗೇಶ ಕನ್ನಡಕ ಏರಿಸಿ ನೋಡಿದ. "ಅಣ್ಣಾ, ಈ ಸೈಜಿನಾಗ ಮೂರೂವರಿ ಸಾವಿರ ಸಿಕ್ಕರ ಭಾಳಾತು. ಒಂಬತ್ತು ಸಾವಿರದ ಒಂಬೈನೂರು ಅಂದ್ರ ಚೊಂಬಿನಾಗ ಕೆನಾಲ್ ನೀರು ಹಿಡಿಸಿದಂಗ ಆತು."

"ನೀ ಬರೇ ಅಂಕಿ ಓದ್ತೀ. ಎತ್ತಿ ನೋಡು."

"ಎತ್ತಿ ನೋಡೇನ ಹೇಳಾಕತ್ತೀನಿ. ಇದು ಇಷ್ಟು ಭಾರ ಇರಬಾರದು."

"ಲೇ ದುರುಗ್ಯಾ, ನೀ ಚಡ್ಡಿ ಹಾಕೋಕಿಂತ ಮುಂಚೆ ನಾ ಟನ್ನುಗಟ್ಟಲೆ ಕೈಯಾಗ ಹಿಡಿದೀನಿ."

"ಹೌದಪ್ಪ, ನೀ ಹಿಡೀದಿದ್ರ ಗುಡ್ಡ ಯಾವತ್ತೋ ಬಿದ್ದುಹೋಗ್ತಿತ್ತು," ಎಂದು ದುರುಗೇಶ ತನ್ನ ಕೆಲಸಕ್ಕೆ ತಿರುಗಿದ.

ಮನೆಯಲ್ಲಿ ನಾಲ್ಕನ್ನೂ ಒಂದೊಂದಾಗಿ ಚಾರ್ಜಿಗೆ ಹಾಕಿದರೆ ಇಪ್ಪತ್ತೇ ನಿಮಿಷಕ್ಕೆ ಕೆಂಪು ದೀಪ ಹಸಿರಾಯಿತು. ಬೇಗ ತುಂಬುವುದು ಸಣ್ಣ ಪಾತ್ರೆಯ ಲಕ್ಷಣ ಎಂದು ಅವನಿಗೆ ಹೊಳೆಯಲಿಲ್ಲ. ಮಾಲು ಒಳ್ಳೆಯದಾದ್ದರಿಂದ ಜಲ್ದಿ ತುಂಬಿತು ಎಂದುಕೊಂಡ. ಒಂದು ಸೆಲ್ಲು ಹಾಕಿ ಯಂತ್ರವನ್ನು ಹೆಂಡತಿಗೆ ಕೊಟ್ಟ.

"ಕೂಸಿಗೆ ಏನು ಹೆಸರು ಅಂದ್ರ, ಕೇಳ್ರಿ," ಎಂದು ಲಲಿತಾ ಶುರು ಮಾಡಿದಳು.

"ಸಾಕು ಸಾಕು. ನಡೀತೈತಲ್ಲ? ಈಗ ಖರ್ಚು ಮಾಡಬ್ಯಾಡ. ಕಾರ್ಯದ ದಿನಕ್ಕ ಇರಲಿ," ಎಂದು ಎರ್ರಿಯಪ್ಪ ಅವಳ ಕೈಯಿಂದ ಯಂತ್ರ ತೆಗೆದುಕೊಂಡು ಬಂದ್ ಮಾಡಿದ. ಸೆಲ್ಲುಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟ.

ಹದಿಮೂರನೇ ದಿನ ಕಂಪ್ಲಿಯ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತೊಟ್ಟಿಲಿಗೆ ಹೂವು ಕಟ್ಟಿತ್ತು. ಲಲಿತಾ ಹೊಸ ಸೀರೆಯಲ್ಲಿ ಬಗ್ಗಿದಳು. ಬೆನ್ನ ಹಿಂದೆ ಹತ್ತು ಹದಿನೈದು ಮುಷ್ಟಿಗಳು ಸಿದ್ಧವಾದವು. ಯಂತ್ರವನ್ನು ದವಡೆಗೆ ಒತ್ತಿದಳು.

"ಕುರ್‍ರ್," ಅಂದಿತು ಯಂತ್ರ. ಆ ಶಬ್ದ ಅದಕ್ಕೆ ಹುಟ್ಟಿನಿಂದ ಬಂದಂತಿತ್ತು. ಹೆಂಗಸರು ನಗುತ್ತ ಗುದ್ದತೊಡಗಿದರು. ಅಷ್ಟರಲ್ಲಿ ಧ್ವನಿ ತಗ್ಗಿತು, ನೊಣದ ಹಾಗಾಯಿತು, ನಿಂತಿತು.

ಗುದ್ದು ಇನ್ನೂ ಎರಡು ಬಿದ್ದವು. ಆಮೇಲೆ ಅವೂ ನಿಂತವು.

ಎರ್ರಿಯಪ್ಪ ಬಟ್ಟೆ ಬಿಚ್ಚಿ ಎರಡನೇ ಸೆಲ್ಲು ಕೊಟ್ಟ. ಅದು ಅರ್ಧ ಕುರ್‍ರ್ ಅಂದಿತು. ಮೂರನೆಯದು, ನಾಲ್ಕನೆಯದು ಏನೂ ಅನ್ನಲಿಲ್ಲ. ಸೊರಗಿದ ಹಳೆಯ ಸೆಲ್ಲನ್ನು ಇನ್ನೇಕೆಂದು ಅವನು ಮನೆಯಲ್ಲೇ ಬಿಟ್ಟು ಬಂದಿದ್ದ. ಲಲಿತಾ ಗಂಟಲಿನ ತೂತಿನಿಂದ ಉಸಿರಾಡುವವಳು. ಪಿಸುಗುಡಲು ಕೂಡ ಅವಳ ಬಾಯಲ್ಲಿ ಗಾಳಿಯಿಲ್ಲ. ತುಟಿಗಳು ಆಡಿದವು. ಕೂಸು ನಿದ್ದೆ ಮಾಡುತ್ತಿತ್ತು.

"ಹೋಗ್ಲಿ ಬಿಡಕ್ಕ," ಎಂದ ಯಲ್ಲೇಶ. "ಮಾಮಾ, ಹೆಸರು ನಿನಗ ಹೇಳಿರಬೇಕಲ್ಲ? ರಮಾಗ ಹೇಳು, ಆಕಿ ಕೂಗ್ತಾಳ."

ಮನೆಯೆಲ್ಲ ಎರ್ರಿಯಪ್ಪನ ಕಡೆ ತಿರುಗಿತು. ರಮಾ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಯಾವ ಪ್ರಶ್ನೆಗೂ ಒಂದು ಅಂಕಿಯನ್ನಾದರೂ ಹೇಳುತ್ತಿದ್ದ ಮನುಷ್ಯ ಈಗ ಖಾಲಿ ಬಟ್ಟೆಯನ್ನು ಮಡಚಿದ.

"ನನಗ ಗೊತ್ತಿಲ್ಲ," ಎಂದ. "ಹೇಳಾಕ ಬಂದಿದ್ಲು. ಸೆಲ್ಲು ಖರ್ಚಾಗ್ತೈತಿ ಅಂತ ನಾನ ಬಂದ್ ಮಾಡಿದೆ."

ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು, "ಮಸ್ತ್ ಉಳಿಸ್ಯಾನ ನೋಡವ್ವ," ಅಂದಳು. ಎರ್ರಿಯಪ್ಪನಿಗೆ ನಾಚಿಕೆಯಾಗಬೇಕಿತ್ತು. ಆಗುತ್ತದೇನೋ ಎಂದು ಅವನು ಒಳಗೆ ನೋಡಿಕೊಂಡ. ಅಲ್ಲಿ ಬಾಗಿಲು ಹಾಕಿದ ಯಾರ್ಡಿನಂತೆ ಇತ್ತು.

ಊರಮ್ಮ ತನ್ನ ಮೊಬೈಲು ಚಾಚಿದಳು. "ಇದರಾಗ ಬರಿಯವ್ವ ಲಲಿತಾ, ರಮಾ ಓದ್ತಾಳ."

ಲಲಿತಾ ಬರೆದಳು. ಯಲ್ಲೇಶ ಇಸಿದುಕೊಂಡು ಗಟ್ಟಿಯಾಗಿ ಓದಿದ: "ಇಪ್ಪತ್ತೊಂದನೇ ದಿನ ಬರ್ತೀನಿ. ನಾನ ಇಡ್ತೀನಿ."

"ಅಲ್ಲೀತನ ಕೂಸಿಗೆ ಏನಂತ ಕರಿಯೋದು?" ಎಂದಳು ಊರಮ್ಮ.

"ಕೂಸು ಅಂತ ಕರೀರಿ. ಅದಕ್ಕೇನು ತಿಳೀತೈತೇನು," ಎಂದ ಯಲ್ಲೇಶ.

ಊರಮ್ಮ ನಿಟ್ಟುಸಿರು ಬಿಟ್ಟಳು. "ಹೋಳಿಗಿ ಆಗಿಬಿಟ್ಟಾವು. ಹೆಸರಿಲ್ಲಂತ ಹೋಳಿಗಿ ಬಿಡಾಕ ಬರಂಗಿಲ್ಲ. ಏಳ್ರಿ, ಎಲಿ ಮುಂದ ಕುಂದ್ರಿ."

ಮರುದಿನ ಎರ್ರಿಯಪ್ಪ ದುರುಗೇಶನ ಅಂಗಡಿಗೆ ಹೋಗಿ ನಾಲ್ಕೂ ಸೆಲ್ಲುಗಳನ್ನು ಗಾಜಿನ ಮೇಲೆ ಇಟ್ಟ. ದುರುಗೇಶ ಒಂದರ ಬಣ್ಣದ ಸಿಪ್ಪೆ ಸುಲಿದು, ಮೇಲಿನ ಮುಚ್ಚಳವನ್ನು ಮೆಲ್ಲಗೆ ಎಬ್ಬಿಸಿದ. ಒಳಗೆ ಕಡ್ಡಿಯಂಥ ಒಂದು ಪುಟ್ಟ ಸೆಲ್ಲು. ಅದರ ಸುತ್ತ ತುಂಬಿದ್ದು ಬುಳುಬುಳು ಸುರಿದು ಎರ್ರಿಯಪ್ಪನ ಅಂಗೈಗೆ ಬಿತ್ತು. ಅವನು ಅದನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದ. ಮತ್ತೊಮ್ಮೆ ತಿಕ್ಕಿದ.

"ಏನಿದು, ಹಿಟ್ಟೇನು?"

ದುರುಗೇಶ ತಲೆಯೆತ್ತಿದ. "ಉಸುಕು, ಅಣ್ಣ. ಕೈಯಾಗ ಹಿಡಕೊಂಡು ನನ್ನ ಕೇಳ್ತೀಯಲ್ಲ."

ಅದಿರಿನ ಪುಡಿಗೆ ಒಂದು ಚಿಟಿಕೆ ಮಣ್ಣು ಬೆರೆತರೂ ಹೇಳುತ್ತಿದ್ದ ಬೆರಳುಗಳು. ಎರ್ರಿಯಪ್ಪ ಅವನ್ನು ಬೇರೆ ಯಾರದ್ದೋ ಬೆರಳುಗಳಂತೆ ನೋಡಿದ.

"ನನ್ನ ಕೈಗೆ ಏನೂ ಗೊತ್ತಾಗಂಗಿಲ್ಲ ದುರುಗೇಶ," ಎಂದ. "ಭಾಳ ದಿನ ಆತು. ನೀನ ನೋಡಿ ತರಿಸಿಕೊಡು."

ದುರುಗೇಶ ಗಾಜಿನ ಮೇಲಿನ ಉಸುಕು ಒರೆಸಿದ. ತನ್ನ ಮೊಬೈಲಿನಲ್ಲಿ ಹುಡುಕಿ ಒಂದನ್ನು ಒತ್ತಿದ. ಅದು 2600ರದೇ. ಎರ್ರಿಯಪ್ಪ ಹಗುರವೆಂದು ವಾಪಸ್ ಕಳಿಸಿದ್ದ ಅದೇ ಮಾಲು.

ಇಪ್ಪತ್ತನೇ ದಿನ ಸೆಲ್ಲು ಬಂತು. ದುರುಗೇಶ ಮೀಟರಿಗೆ ಹಚ್ಚಿ, ಸರಿ ಇದೆ ಎಂದು ತಲೆಯಾಡಿಸಿ ಕೊಟ್ಟ. ಚಾರ್ಜಾಗಲು ಮೂರು ಗಂಟೆ ಹಿಡಿಯಿತು. ಎರ್ರಿಯಪ್ಪ ಅದನ್ನು ಕುಣಿಸಲಿಲ್ಲ. ಯಂತ್ರಕ್ಕೆ ಹಾಕಿ ಲಲಿತಾಳ ಮುಂದೆ ಇಟ್ಟು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತ. ಒಳಗಿನಿಂದ ಅವಳು ತಮ್ಮನ ಜೊತೆ ಫೋನಿನಲ್ಲಿ ಮಾತಾಡುವುದು ಒಂದೇ ರಾಗದಲ್ಲಿ ಬಹಳ ಹೊತ್ತು ಕೇಳಿಸಿತು.

ಮರುದಿನ ಕಂಪ್ಲಿಯಲ್ಲಿ ಜನ ಕಡಿಮೆ ಇದ್ದರು, ಹೋಳಿಗೆ ಇರಲಿಲ್ಲ. ಲಲಿತಾ ತೊಟ್ಟಿಲಿಗೆ ಬಗ್ಗಿದಳು. ಗುಟ್ಟಾಗಿ ಹೇಳುವುದು ಆ ಯಂತ್ರಕ್ಕೆ ಗೊತ್ತಿಲ್ಲ. "ಕುರ್‍ರ್, ಹೊಳೆಮ್ಮ" ಎಂಬುದು ಅಂಗಳದಲ್ಲಿ ಗಂಡಸರ ಜೊತೆ ನಿಂತಿದ್ದ ಎರ್ರಿಯಪ್ಪನಿಗೂ ಕೇಳಿಸಿತು. ಕೂಸು ಬೆಚ್ಚಿ ಅಳತೊಡಗಿತು. ಬೆನ್ನಿಗೆ ಧಪಧಪ ಗುದ್ದು ಬಿದ್ದವು. ರಮಾ ಎಲ್ಲರಿಗಿಂತ ಗಟ್ಟಿಯಾಗಿ ಗುದ್ದಿದಳೆಂದು ಆಮೇಲೆ ಮಾತಾಯಿತು.

"ಹೊಳೆಮ್ಮ ಅಂದ್ರ ನಿಮ್ಮವ್ವನ ಹೆಸರು," ಎಂದಳು ಊರಮ್ಮ. ಮುಖದಲ್ಲಿ ಅಂಥ ಸಂತೋಷವೇನೂ ಕಾಣಲಿಲ್ಲ. "ಇರಲಿ ಬಿಡವ್ವ. ಸಾಲ್ಯಾಗ ಬ್ಯಾರೆ ಬರಸ್ತಾರ."

ವಾಪಸ್ ಬರುವಾಗ ಬಸ್ಸಿನಲ್ಲಿ ಲಲಿತಾ ಕಿಟಕಿಯ ಪಕ್ಕ ಕುಳಿತಿದ್ದಳು. ರಾಮಸಾಗರ ದಾಟಿದ ಮೇಲೆ ಯಂತ್ರವನ್ನು ದವಡೆಗೆ ಒತ್ತಿದಳು.

"ಕೈಗೆ ಏನಾಗೇತಿ?"

ಮುಂದಿನ ಸೀಟಿನವರು ತಿರುಗಿ ನೋಡಿದರು. ಎರ್ರಿಯಪ್ಪ, "ಯಾವ ಕೈಗೆ?" ಅಂದ.

"ಎರಡಕ್ಕೂ. ಹೋದ ವಾರ ಬಿಸಿ ಪಾತ್ರಿ ಹಿಡಕೊಂಡು ನಿಂತಿದ್ರಿ. ನಾ ನೋಡೀನಿ."

"ಮೊದಲು ಜುಮು ಜುಮು ಅಂತಿತ್ತು. ಈಗ ಅದೂ ಇಲ್ಲ."

"ಯಾವಾಗಿಂದ?"

"ಎರಡು ವರ್ಷ."

"ಕಾಲು?"

"ಕಾಲೂ."

"ಸಕ್ಕರಿ ಗುಳಿಗಿ ದಿನಾ ತಗೋತೀರಿ ಇಲ್ಲ?"

ಅವನು ಹೊರಗೆ ಬಾಳೆಯ ತೋಟ ನೋಡಿದ. "ಒಮ್ಮೊಮ್ಮೆ."

ಅವಳು ಬಿಡಲಿಲ್ಲ. ಡಾಕ್ಟರು ಏನಂದರು, ಕೊನೆಯ ಸಲ ಹೋದದ್ದು ಯಾವಾಗ, ಚೀಟಿ ಎಲ್ಲಿಟ್ಟಿದ್ದೀರಿ, ನನಗೆ ಯಾಕೆ ಹೇಳಲಿಲ್ಲ. ಎಲ್ಲವೂ ಒಂದೇ ರಾಗ. ಅವಳಿಗೆ ಸಿಟ್ಟು ಬಂದಿದೆಯೋ ಅಳು ಬಂದಿದೆಯೋ ಧ್ವನಿಯಿಂದ ತಿಳಿಯುವಂತಿರಲಿಲ್ಲ. ಅವನು ಒಂದೊಂದಕ್ಕೂ ಉತ್ತರ ಕೊಡುತ್ತ ಹೋದ. ಕಮಲಾಪುರದಲ್ಲಿ ಹಂಪಿ ನೋಡಿ ಬಂದ ಪ್ರವಾಸಿಗಳು ಬೆನ್ನಚೀಲಗಳೊಂದಿಗೆ ಹತ್ತಿ, ಯಾರು ಹೀಗೆ ಮಾತಾಡುವುದೆಂದು ಅತ್ತಿತ್ತ ಹುಡುಕಿದರು. ಲಲಿತಾ ಯಂತ್ರ ಇಳಿಸಲಿಲ್ಲ.

ಹೊಸಪೇಟೆ ಇನ್ನೂ ದೂರವಿತ್ತು, ಸೆಲ್ಲಿನಲ್ಲಿ ಚಾರ್ಜೂ ಇತ್ತು.